ಕಾಫಿ ಪಾತ್ರೆ ಹೊತ್ತ ಸಾರಾ: ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೆಂಗಸರು ಮಾಡಿದ್ದೇನು?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಐದನೇ ಕ್ಲಾಸು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ ಯಾರದಾದರೂ ವೇಷ ಹಾಕಿಕೊಂಡು ಎರಡು ನಿಮಿಷ ಮಾತಾಡಬೇಕು ಅಂತ ಶಾಲೆಯಲ್ಲಿ ಹೇಳಿದ್ದಾರೆ. ಹೆಣ್ಣುಮಕ್ಕಳಿಗೆ ಇರುವುದು ಎರಡೇ ಹೆಸರು. ಬಾವುಟ ಹೊಲಿದ ಬೆಟ್ಸಿ ರಾಸ್, ನೀರು ಕೊಟ್ಟ ಮಾಲಿ ಪಿಚರ್. ಅವಳ ಪುಸ್ತಕದಲ್ಲಿ "ಮಹಿಳೆಯರೂ ಸಹಾಯ ಮಾಡಿದರು" ಅಂತ ಒಂದು ಸಾಲು ಇದೆ. "ಅಮ್ಮಾ, ಅಷ್ಟೇನಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ನಿಜಕ್ಕೂ ಏನು ಮಾಡಿದರು? ಯುದ್ಧ ಗೆದ್ದ ಮೇಲೆ ಅವರಿಗೆ ಏನು ಸಿಕ್ಕಿತು?

ಉತ್ತರ: ನಿಮ್ಮ ಮಗಳ ಪ್ರಶ್ನೆ ಬಹಳ ಸರಿಯಾಗಿದೆ. ಅಷ್ಟೇ ಅಲ್ಲ. ಆ "ಸಹಾಯ" ಅನ್ನುವ ಪದವೇ ನನಗೆ ಒಪ್ಪಿಗೆಯಿಲ್ಲ. ಬೇರೆಯವರ ಕೆಲಸಕ್ಕೆ ಕೈ ಜೋಡಿಸಿದರೆ ಅದು ಸಹಾಯ. 1775ರಿಂದ 1783ರವರೆಗೆ ನಡೆದ ಆ ಯುದ್ಧದಲ್ಲಿ ಸೈನಿಕರ ಬಟ್ಟೆ, ಊಟ, ಆರೈಕೆ, ಅವರು ಬಿಟ್ಟು ಬಂದ ಹೊಲ ಮನೆ ಎಲ್ಲವೂ ಯುದ್ಧದ ಕೆಲಸವೇ ಆಗಿತ್ತು. ಅದರಲ್ಲಿ ಬಹುಪಾಲು ಹೆಂಗಸರ ಕೈಯಲ್ಲಿ ನಡೆಯಿತು. ಅದು ನಿಂತಿದ್ದರೆ ಸೈನ್ಯವೂ ನಿಲ್ಲುತ್ತಿತ್ತು.

ಒಬ್ಬ ಹೆಂಗಸಿನ ಕಥೆಯಿಂದಲೇ ಶುರು ಮಾಡುತ್ತೇನೆ. ಈ ವಿಷಯ ಓದಲು ಶುರು ಮಾಡಿದಾಗಿನಿಂದ ನನ್ನ ಮನಸ್ಸಿನಲ್ಲಿ ಕೂತುಬಿಟ್ಟವಳು ಆಕೆ. ಹೆಸರು ಸಾರಾ ಆಸ್‌ಬಾರ್ನ್.

1836ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವರ ವಿಧವೆಯರಿಗೆ ಪಿಂಚಣಿ ಕೊಡುವ ಕಾನೂನು. ಮರುವರ್ಷ ಪೆನ್ಸಿಲ್ವೇನಿಯಾದ ವೇಯ್ನ್ ಕೌಂಟಿಯಲ್ಲಿ 81 ವರ್ಷದ ಒಬ್ಬ ಅಜ್ಜಿ ಕೋರ್ಟಿಗೆ ಬಂದು ಹೇಳಿಕೆ ಕೊಟ್ಟಳು. ಗಂಡ ಸೈನ್ಯದಲ್ಲಿದ್ದ ಅಂತ ರುಜುವಾತು ಮಾಡುವುದಷ್ಟೇ ಆಕೆಗೆ ಬೇಕಾಗಿತ್ತು. ಆದರೆ ತಾನೂ ಜೊತೆಗಿದ್ದೆ, ಇದನ್ನೆಲ್ಲ ಕಣ್ಣಾರೆ ಕಂಡೆ ಅಂತ ಹೇಳುತ್ತಾ ಹೇಳುತ್ತಾ ಯುದ್ಧದ ಕಥೆಯನ್ನೇ ಬಿಚ್ಚಿಟ್ಟಳು. ಗುಮಾಸ್ತ ಬರೆದುಕೊಂಡ. ಸೈನ್ಯದ ಜೊತೆ ನಡೆದ ಒಬ್ಬ ಸಾಮಾನ್ಯ ಹೆಂಗಸಿನ ಬಾಯಿಮಾತು ನಮಗೆ ಸಿಕ್ಕಿದ್ದು ಹೀಗೆ, ಒಂದು ಪಿಂಚಣಿ ಅರ್ಜಿಯಲ್ಲಿ.

ಸಾರಾ 1780ರಲ್ಲಿ ಆಲ್ಬನಿಯಲ್ಲಿ ಕಮ್ಮಾರ ಆರನ್ ಆಸ್‌ಬಾರ್ನ್‌ನನ್ನು ಮದುವೆಯಾದಳು. ಆತ ಹೆಂಡತಿಗೆ ಹೇಳದೆ ಕೇಳದೆ ಸೈನ್ಯಕ್ಕೆ ಹೆಸರು ಕೊಟ್ಟುಬಿಟ್ಟ. ಆಮೇಲೆ ನೀನೂ ಬಾ ಅಂತ ಒತ್ತಾಯ. ಕೂತು ಹೋಗಲು ಗಾಡಿಯೋ ಕುದುರೆಯೋ ಇದ್ದರೆ ಬರುತ್ತೇನೆ ಅಂತ ಆಕೆ ಪಟ್ಟು ಹಿಡಿದಳು. ಒಪ್ಪಿದರು, ಹೊರಟಳು. ವೆಸ್ಟ್ ಪಾಯಿಂಟ್, ಫಿಲಡೆಲ್ಫಿಯಾ, ಬಾಲ್ಟಿಮೋರ್ ದಾಟಿ ವರ್ಜೀನಿಯಾದ ಯಾರ್ಕ್‌ಟೌನ್‌ವರೆಗೆ ಹೋದಳು. ಜೊತೆಗೆ ಒಬ್ಬ ಲೆಫ್ಟಿನೆಂಟನ ಹೆಂಡತಿ, ಒಬ್ಬ ಸಾರ್ಜೆಂಟನ ಹೆಂಡತಿ, ಲೆಟ್ಟಾ ಎಂಬ ಕಪ್ಪು ಹೆಂಗಸು ಇದ್ದರು.

ದಾರಿಯಲ್ಲಿ ನಡೆದ ಒಂದು ಸಂಗತಿ. ಒಂದು ರಾತ್ರಿ ತೋಪುಗಳನ್ನು ಸಾಗಿಸುವ ಕೆಲಸವಿತ್ತು. ಗಂಡ ಕಾವಲಿಗೆ ನಿಂತಿದ್ದ. ಅವನೂ ಆ ಕೆಲಸಕ್ಕೆ ಹೋಗಲಿ ಅಂತ ಸಾರಾ ಅವನ ಕೋಟು ಹಾಕಿಕೊಂಡು, ಬಂದೂಕು ಹಿಡಿದು ಕಾವಲು ನಿಂತಳು. ಆ ಕಡೆ ಬಂದ ಜನರಲ್ ವಾಷಿಂಗ್ಟನ್‌ಗೆ ಏನೋ ಅನುಮಾನ ಬಂತು. "ಯಾರು ನಿನ್ನನ್ನು ಇಲ್ಲಿ ನಿಲ್ಲಿಸಿದ್ದು?" ಅಂತ ಕೇಳಿದ. "ನಿಲ್ಲಿಸುವ ಹಕ್ಕು ಇರುವವರು, ಸ್ವಾಮಿ" ಅಂದಳು. ಆತ ಮುಂದೆ ಹೋದ.

ಯಾರ್ಕ್‌ಟೌನ್‌ನಲ್ಲಿ 1781ರ ಅಕ್ಟೋಬರ್. ಅಮೆರಿಕನ್ನರೂ ಫ್ರೆಂಚರೂ ಬ್ರಿಟಿಷರನ್ನು ಮುತ್ತಿಗೆ ಹಾಕಿದ್ದಾರೆ. ಸೈನಿಕರು ಕಂದಕ ತೋಡಿ ಅದರೊಳಗಿದ್ದಾರೆ, ತಲೆಯ ಮೇಲೆ ತೋಪಿನ ಗುಂಡು ಹಾರುತ್ತಿದೆ. ಸಾರಾ ಡೇರೆಗಳ ಹಿಂದೆ ಒಲೆ ಹೂಡಿದಳು. ಬಟ್ಟೆ ಒಗೆದಳು, ಹರಿದದ್ದನ್ನು ಹೊಲಿದಳು, ಅಡುಗೆ ಮಾಡಿದಳು. ಆಮೇಲೆ ದನದ ಮಾಂಸ, ಬ್ರೆಡ್ಡು ಮತ್ತು ಒಂದು ಗ್ಯಾಲನ್ ಪಾತ್ರೆಯಲ್ಲಿ ಕಾಫಿ ಹೊತ್ತುಕೊಂಡು ಕಂದಕದೊಳಗೆ ಇಳಿದಳು. ಹಾಗೆ ಹೋಗುವಾಗ ಒಂದು ದಿನ ಮತ್ತೆ ವಾಷಿಂಗ್ಟನ್ ಎದುರಾದ. ತೋಪಿನ ಗುಂಡಿಗೆ ಭಯವಾಗುವುದಿಲ್ಲವೇ ಅಂತ ಕೇಳಿದ. ಇಲ್ಲ ಅಂದಳು. ಗಂಡಸರು ಹೋರಾಡುವುದೂ ಸೈ, ಹಸಿದಿರುವುದೂ ಸೈ ಅಂದರೆ ನಡೆಯುವುದಿಲ್ಲ ಅನ್ನುವ ಅರ್ಥದ ಮಾತು ಹೇಳಿದಳು. ಯುದ್ಧ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸರಿಯಾದ ವಿವರಣೆ ನಾನು ಇನ್ನೊಂದು ಓದಿಲ್ಲ.

ಅಕ್ಟೋಬರ್ 19ರಂದು ಬ್ರಿಟಿಷರು ಶರಣಾದರು. ಸಾರಾ ರಸ್ತೆ ಬದಿಯಲ್ಲಿ ನಿಂತು ನೋಡಿದಳು. ನಗಾರಿಗಳಿಗೆ ಕಪ್ಪು ಬಟ್ಟೆ, ಕೊಳಲುಗಳಿಗೆ ಕಪ್ಪು ರಿಬ್ಬನ್ನು ಕಟ್ಟಿದ್ದರಂತೆ. ಮುಂದೆ ಬಂದ ದಪ್ಪನೆಯ ಸೇನಾಧಿಕಾರಿಯ ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತಿತ್ತಂತೆ. ಆತ ಬ್ರಿಟಿಷರ ಸೇನಾಪತಿ ಕಾರ್ನ್‌ವಾಲಿಸ್ ಅಲ್ಲ ಅಂತಲೂ ಆಕೆ ಹೇಳುತ್ತಾಳೆ. ಸರಿಯಾಗಿಯೇ ಹೇಳಿದ್ದಾಳೆ. ಕಾರ್ನ್‌ವಾಲಿಸ್ ಮೈ ಸರಿಯಿಲ್ಲ ಅಂತ ಹೇಳಿ, ತನ್ನ ಕೈಕೆಳಗಿನವನನ್ನು ಕಳಿಸಿದ್ದ. ಆಮೇಲೆ ಅವನನ್ನೂ ಕಂಡಳು. ಕುಳ್ಳಗಿದ್ದ, ಕಣ್ಣು ಮೆಳ್ಳೆಯಾಗಿತ್ತು ಅಂತ 56 ವರ್ಷ ಕಳೆದ ಮೇಲೂ ನೆನಪಿಟ್ಟುಕೊಂಡು ಹೇಳಿದಳು.

ಈ ಕಾರ್ನ್‌ವಾಲಿಸ್ ಯಾರು ಗೊತ್ತಾಯಿತಲ್ಲ? ಅಮೆರಿಕದಲ್ಲಿ ಸೋತು, ಆಮೇಲೆ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡವನು ಇವನೇ. ಮಗಳಿಗೆ ಇದನ್ನು ಹೇಳಿ, ಅವಳಿಗೆ ಇಷ್ಟವಾಗುತ್ತದೆ. ಇನ್ನೂ ಒಂದಿದೆ. 1782ರಲ್ಲಿ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಹೊರಡಿಸಿದ ಒಂದು ಹಡಗಿನ ಹೆಸರು "ಹೈದರ್ ಅಲಿ". ಬ್ರಿಟಿಷರಿಗೆ ನೀರು ಕುಡಿಸುತ್ತಿದ್ದ ಮೈಸೂರಿನ ಹೈದರನ ಹೆಸರು ಅಷ್ಟು ದೂರದವರೆಗೂ ಹೋಗಿತ್ತು.

ಈಗ ಬಟ್ಟೆ ಒಗೆಯುವ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಪುಸ್ತಕಗಳು ಇದನ್ನು ಹಾರಿಸಿಬಿಡುತ್ತವೆ.

ಆ ಯುದ್ಧದಲ್ಲಿ ಗುಂಡಿಗಿಂತ ರೋಗಕ್ಕೆ ಸತ್ತ ಸೈನಿಕರೇ ಜಾಸ್ತಿ. ಸಾಮಾನ್ಯವಾಗಿ ಕೊಡುವ ಅಂದಾಜಿನ ಪ್ರಕಾರ ಕಾಳಗದಲ್ಲಿ ಸತ್ತವರು ಸುಮಾರು 6,800, ರೋಗದಿಂದ ಸತ್ತವರು ಸುಮಾರು 17,000. ಸಿಡುಬು, ಭೇದಿ, ಆಮೇಲೆ ಶಿಬಿರದ ಜ್ವರ ಅಂತ ಕರೆಯುತ್ತಿದ್ದ ಟೈಫಸ್. ಟೈಫಸ್ ಹರಡುವುದು ಬಟ್ಟೆಯ ಹೊಲಿಗೆಯಲ್ಲಿ ಸೇರಿಕೊಳ್ಳುವ ಕೂರೆಯಿಂದ. ಆ ಕಾಲದವರಿಗೆ ಇದು ಗೊತ್ತಿರಲಿಲ್ಲ. ಕೊಳಕು ಬಟ್ಟೆ ಇದ್ದ ಕಡೆ ಜ್ವರ ಬರುತ್ತದೆ ಅನ್ನುವುದನ್ನು ಮಾತ್ರ ಕಂಡಿದ್ದರು. ಸೈನಿಕನ ಹತ್ತಿರ ಇದ್ದದ್ದು ಒಂದೋ ಎರಡೋ ಅಂಗಿ. ಅದನ್ನೇ ಹಾಕಿಕೊಂಡು ನಡೆಯಬೇಕು, ಅದರಲ್ಲೇ ಮಲಗಬೇಕು, ಅದರಲ್ಲೇ ಬೆವರಬೇಕು.

ಆ ಅಂಗಿಯನ್ನು ಒಗೆಯುವುದು ಹೇಗೆ? ಕಟ್ಟಿಗೆ ಒಟ್ಟಬೇಕು. ಹೊಳೆಯಿಂದ ನೀರು ಹೊರಬೇಕು. ದೊಡ್ಡ ಕಬ್ಬಿಣದ ಹಂಡೆಯಲ್ಲಿ ಕುದಿಸಬೇಕು. ಸಾಬೂನನ್ನು ಬೂದಿ ನೀರು ಮತ್ತು ಪ್ರಾಣಿಯ ಕೊಬ್ಬು ಸೇರಿಸಿ ಮಾಡುತ್ತಿದ್ದರು. ಅದು ಕೈಯ ಚರ್ಮವನ್ನೇ ಸುಡುತ್ತಿತ್ತು. ನಮ್ಮ ಊರುಗಳಲ್ಲಿ ಮಡಿವಾಳರು ಉಬ್ಬೆಗೆ ಹಾಕುತ್ತಿದ್ದದ್ದನ್ನು ನೋಡಿದವರಿಗೆ ಅದರ ಕಷ್ಟ ಎಷ್ಟು ಅಂತ ಹೇಳಬೇಕಾಗಿಲ್ಲ. ಕುದಿಸಿದ ಬಟ್ಟೆಯಲ್ಲಿ ಕೂರೆ ಉಳಿಯುವುದಿಲ್ಲ. ಹಾಗಾಗಿ ಆ ಹಂಡೆಯ ಮುಂದೆ ನಿಂತವಳು ಡಾಕ್ಟರು ಮಾಡಲಾಗದ ಕೆಲಸ ಮಾಡುತ್ತಿದ್ದಳು. ಇದು ಪುಕ್ಕಟೆ ಕೆಲಸವೂ ಆಗಿರಲಿಲ್ಲ. ಬಟ್ಟೆಗೆ ಇಷ್ಟು ಅಂತ ದರ ಇತ್ತು. ಆ ದರವನ್ನು ಅಧಿಕಾರಿಗಳೇ ಗೊತ್ತು ಮಾಡುತ್ತಿದ್ದರು, ಅದಕ್ಕಿಂತ ಹೆಚ್ಚು ಕೇಳುವ ಹಾಗಿರಲಿಲ್ಲ.

ಆಸ್ಪತ್ರೆಯ ಕೆಲಸವೂ ಹಾಗೆಯೇ. 1775ರ ಜುಲೈನಲ್ಲಿ ಕಾಂಗ್ರೆಸ್, ಅಂದರೆ ಬ್ರಿಟಿಷರ ವಿರುದ್ಧ ನಿಂತ ಪ್ರಾಂತ್ಯಗಳ ಪ್ರತಿನಿಧಿಗಳ ಸಭೆ, ಸೈನ್ಯದ ಆಸ್ಪತ್ರೆಗೆ ನಿಯಮ ಮಾಡಿತು. ಹತ್ತು ರೋಗಿಗೆ ಒಬ್ಬ ನರ್ಸು. ಸಂಬಳ ತಿಂಗಳಿಗೆ 2 ಡಾಲರ್. ಅದೇ ನಿಯಮದಲ್ಲಿ ಸರ್ಜನ್‌ಗೆ ದಿನಕ್ಕೇ ಒಂದು ಡಾಲರ್‌ಗಿಂತ ಜಾಸ್ತಿ. ಜನ ಸಿಗಲಿಲ್ಲ, ನರ್ಸುಗಳ ಸಂಬಳ ಮತ್ತೆ ಮತ್ತೆ ಏರಿಸಬೇಕಾಯಿತು. ಟೈಫಸ್ ಇರುವ ಕೋಣೆಯಲ್ಲಿ ದಿನವಿಡೀ ಇರುವ ಕೆಲಸಕ್ಕೆ 2 ಡಾಲರ್‌ಗೆ ಯಾರು ಬರುತ್ತಾರೆ?

ಈ ಹೆಂಗಸರ ಬಗ್ಗೆ ವಾಷಿಂಗ್ಟನ್‌ಗೆ ಏನನ್ನಿಸಿತ್ತು? ಮೊದಮೊದಲು ಕಿರಿಕಿರಿ. 1777ರ ಆಗಸ್ಟ್‌ನಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಇಷ್ಟೊಂದು ಹೆಂಗಸರು, ಅದರಲ್ಲೂ ಬಸುರಿಯರು, ಮಕ್ಕಳೊಂದಿಗರು ಸೈನ್ಯದ ಪ್ರತಿ ನಡೆಗೂ ತೊಡಕು ಅಂತ ಬರೆಸಿದ. ಅದೇ ತಿಂಗಳು ಸೈನ್ಯ ಫಿಲಡೆಲ್ಫಿಯಾ ಊರೊಳಗೆ ಠೀವಿಯಿಂದ ಮೆರವಣಿಗೆ ಹೋಗಬೇಕಾಗಿತ್ತು. ಸೈನಿಕರ ಜೊತೆ ಒಬ್ಬ ಹೆಂಗಸೂ ಕಾಣಬಾರದು ಅಂತ ಆಜ್ಞೆಯಾಯಿತು. ಸಾಮಾನಿನ ಗಾಡಿಗಳ ಜೊತೆ ಬೇರೆ ದಾರಿಯಲ್ಲಿ ಹೋಗಬೇಕಿತ್ತು.

ಆರು ವರ್ಷ ಕಳೆಯುವಷ್ಟರಲ್ಲಿ ಅದೇ ವಾಷಿಂಗ್ಟನ್ ಬೇರೆ ಮಾತು ಆಡುತ್ತಾನೆ. ಅಷ್ಟು ಹೊತ್ತಿಗೆ 15 ಸೈನಿಕರಿಗೆ ಒಬ್ಬ ಹೆಂಗಸಿನಂತೆ ರೇಷನ್ ಕೊಡಬೇಕು ಅಂತ ನಿಯಮ ಬಂದಿತ್ತು. ನ್ಯೂಯಾರ್ಕ್ ದಳಗಳಲ್ಲಿ ಅದಕ್ಕಿಂತ ಹೆಚ್ಚು ಹೆಂಗಸರಿದ್ದರು. 1783ರ ಜನವರಿಯಲ್ಲಿ ಖಜಾನೆ ನೋಡಿಕೊಳ್ಳುತ್ತಿದ್ದ ರಾಬರ್ಟ್ ಮಾರಿಸ್‌ಗೆ ಅವನು ಪತ್ರ ಬರೆದ. ಈ ಹೆಚ್ಚಿನ ಹೆಂಗಸರಿಗೂ ಊಟ ಕೊಡಲೇಬೇಕಾಯಿತು, ಇಲ್ಲದಿದ್ದರೆ ನನ್ನ ಹಳೆಯ, ಒಳ್ಳೆಯ ಸೈನಿಕರೇ ಬಿಟ್ಟು ಹೋಗುತ್ತಿದ್ದರು ಅನ್ನುವುದು ಅದರ ಸಾರ. ತೊಡಕು ಅಂದವನೇ, ಅವರು ಹೋದರೆ ಸೈನ್ಯ ಕರಗುತ್ತದೆ ಅಂತ ಒಪ್ಪಿಕೊಂಡ. ನಿಮ್ಮ ಮಗಳ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಾಗಿಲ್ಲ.

ಇನ್ನು ಬೆಟ್ಸಿ ರಾಸ್. ಮೊದಲ ಬಾವುಟ ಹೊಲಿದ ಕಥೆಯನ್ನು 1870ರಲ್ಲಿ ಅವಳ ಮೊಮ್ಮಗ ಹೇಳಿದ್ದು. ಅದಕ್ಕೆ ಆ ಕಾಲದ ದಾಖಲೆಯ ಬೆಂಬಲ ಇಲ್ಲ. ಆದರೆ ಆಕೆ ಸುಳ್ಳಲ್ಲ. ಫಿಲಡೆಲ್ಫಿಯಾದಲ್ಲಿ ಕುರ್ಚಿ, ಪರದೆಗಳ ಹೊಲಿಗೆ ಅಂಗಡಿ ಇಟ್ಟಿದ್ದಳು. 1777ರಲ್ಲಿ ಪೆನ್ಸಿಲ್ವೇನಿಯಾದ ನೌಕಾಪಡೆಗೆ ಬಾವುಟ ಹೊಲಿದು ಹಣ ಪಡೆದಿದ್ದಕ್ಕೆ ಲೆಕ್ಕ ಇದೆ. ಮೊದಲ ಗಂಡ 1776ರಲ್ಲಿ ತೀರಿಕೊಂಡ. ಎರಡನೇ ಗಂಡ ನಾವಿಕ, ಬ್ರಿಟಿಷರ ಸೆರೆಮನೆಯಲ್ಲಿ 1782ರಲ್ಲಿ ಸತ್ತ. ಇಷ್ಟೆಲ್ಲದರ ನಡುವೆ ಅಂಗಡಿ ನಡೆಸಿದಳಲ್ಲ, ನನಗೆ ಆ ಬೆಟ್ಸಿಯೇ ದೊಡ್ಡವಳಾಗಿ ಕಾಣುತ್ತಾಳೆ.

ಮಾಲಿ ಪಿಚರ್ ಕಥೆ ನಿಮ್ಮ ರಾಜ್ಯದ್ದೇ. 1778ರ ಜೂನ್ 28, ನ್ಯೂಜೆರ್ಸಿಯ ಮಾನ್ಮತ್. ಸುಡುಬಿಸಿಲು, ಬಿಸಿಲಿಗೇ ಸೈನಿಕರು ಕುಸಿದು ಸತ್ತ ದಿನ. ಮಾಲಿ ಪಿಚರ್ ಅಂತ ಹೆಸರಾದ ಮೇರಿ ಹೇಸ್ ಎಂಬಾಕೆ ತೋಪಿನವರಿಗೆ ನೀರು ಹೊತ್ತಳು, ಗಂಡ ಬಿದ್ದಾಗ ತೋಪಿನ ಕೆಲಸಕ್ಕೆ ನಿಂತಳು ಅನ್ನುತ್ತಾರೆ. ನೀರು ಅಂದರೆ ಕುಡಿಯಲು ಮಾತ್ರ ಅಂದುಕೊಳ್ಳಬೇಡಿ. ಪ್ರತಿ ಸಲ ಹೊಡೆದ ಮೇಲೂ ತೋಪಿನ ನಳಿಗೆಯೊಳಗೆ ಒದ್ದೆ ಸ್ಪಂಜು ಹಾಕಿ ಒರೆಸಬೇಕು. ಒಳಗೆ ಒಂದು ಕಿಡಿ ಉಳಿದರೂ ಮುಂದಿನ ಮದ್ದು ಕೈಯಲ್ಲೇ ಸಿಡಿಯುತ್ತದೆ. ನೀರಿಲ್ಲದಿದ್ದರೆ ತೋಪು ನಿಲ್ಲುತ್ತದೆ. ಆ ದಿನ ಅಲ್ಲಿದ್ದ ಜೋಸೆಫ್ ಪ್ಲಂಬ್ ಮಾರ್ಟಿನ್ ಎಂಬ ಸೈನಿಕ ಮುಂದೆ ಬರೆದ ನೆನಪುಗಳಲ್ಲಿ, ಗಂಡನ ಜೊತೆ ತೋಪಿಗೆ ಮದ್ದು ಕೊಡುತ್ತಿದ್ದ ಒಬ್ಬ ಹೆಂಗಸನ್ನು ಕಂಡದ್ದು ಹೇಳುತ್ತಾನೆ. ಶತ್ರುವಿನ ಗುಂಡು ಅವಳ ಎರಡು ಕಾಲುಗಳ ನಡುವೆ ತೂರಿ ಲಂಗದ ಅಂಚನ್ನು ಹರಿದುಕೊಂಡು ಹೋಯಿತು. ಅವಳು ಒಮ್ಮೆ ನೋಡಿಕೊಂಡು ಕೆಲಸ ಮುಂದುವರಿಸಿದಳಂತೆ. ಮೇರಿ ಹೇಸ್‌ಗೆ 1822ರಲ್ಲಿ ಪೆನ್ಸಿಲ್ವೇನಿಯಾ ಸರ್ಕಾರ ವರ್ಷಕ್ಕೆ 40 ಡಾಲರ್ ಗೊತ್ತು ಮಾಡಿತು, ಅವಳು ಸಲ್ಲಿಸಿದ ಸೇವೆಗಾಗಿ ಅಂತ ಬರೆದು.

ಇದನ್ನು ಓದುವಾಗ ನಮಗೆ ಚಿತ್ರದುರ್ಗದ ಓಬವ್ವ ನೆನಪಾಗುತ್ತಾಳೆ ಅಲ್ವಾ? ಅವಳೂ ಅದೇ ಕಾಲದವಳು. ಅವಳೂ ನೀರಿಗೆ ಹೊರಟವಳು. ಗಂಡ ಉಣ್ಣುತ್ತಿದ್ದ ಹೊತ್ತಿಗೆ ಶತ್ರು ಕಿಂಡಿಯಲ್ಲಿ ಬಂದ, ಕೈಗೆ ಸಿಕ್ಕ ಒನಕೆ ಹಿಡಿದಳು. ಎರಡೂ ಕಡೆ ಮನೆಗೆಲಸ ಯಾವುದು, ಯುದ್ಧ ಯಾವುದು ಅಂತ ಗೆರೆ ಎಳೆಯಲು ಆಗುವುದಿಲ್ಲ.

ಬಂದೂಕು, ತೋಪು ಹಿಡಿದವರೂ ಇದ್ದರು. ಇಬ್ಬರ ವಿಷಯದಲ್ಲಿ ದಾಖಲೆ ಗಟ್ಟಿಯಾಗಿದೆ. ಮಾರ್ಗರೆಟ್ ಕಾರ್ಬಿನ್ 1776ರ ನವೆಂಬರ್ 16ರಂದು ನ್ಯೂಯಾರ್ಕ್‌ನ ಫೋರ್ಟ್ ವಾಷಿಂಗ್ಟನ್‌ನಲ್ಲಿ ಗಂಡ ಸತ್ತ ಮೇಲೆ ಅವನ ತೋಪಿನ ಹತ್ತಿರ ನಿಂತಳು. ತೋಳಿಗೆ, ಎದೆಗೆ, ದವಡೆಗೆ ಗಾಯವಾಯಿತು. 1779ರಲ್ಲಿ ಕಾಂಗ್ರೆಸ್ ಸೈನಿಕನ ಅರ್ಧ ಸಂಬಳ ಮತ್ತು ಒಂದು ಜೊತೆ ಬಟ್ಟೆ ಮಂಜೂರು ಮಾಡಿತು. ಗಾಯವಾದದ್ದು ಪೂರ್ತಿ, ಸಂಬಳ ಮಾತ್ರ ಅರ್ಧ. 1926ರಲ್ಲಿ ಆಕೆಯ ಅಸ್ಥಿ ಅಂತ ಹೇಳಿ ತೆಗೆದು ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಗೌರವದಿಂದ ಹೂಳಿದ್ದರು. ಈಚೆಗೆ ಪರೀಕ್ಷೆ ಮಾಡಿ 2017ರಲ್ಲಿ ಹೇಳಿದರು, ಆ ಎಲುಬು ಒಬ್ಬ ಗಂಡಸಿನದು. ಮಾರ್ಗರೆಟ್ ಎಲ್ಲಿದ್ದಾಳೋ. ನನಗೆ ಇದನ್ನು ಓದಿದಾಗ ಬಹಳ ಬೇಜಾರಾಗಿತ್ತು.

ಇನ್ನೊಬ್ಬಳು ಡೆಬೊರಾ ಸ್ಯಾಂಪ್ಸನ್. ಮ್ಯಾಸಚೂಸೆಟ್ಸ್‌ನವಳು, ಬಡವರ ಮನೆಯ ಹುಡುಗಿ, ಬೇರೆಯವರ ಮನೆಯಲ್ಲಿ ಆಳಾಗಿ ಬೆಳೆದವಳು. 1782ರಲ್ಲಿ ರಾಬರ್ಟ್ ಶರ್ಟ್‌ಲಿಫ್ ಅಂತ ಹೆಸರು ಹೇಳಿ, ಗಂಡಸಿನ ಬಟ್ಟೆ ಹಾಕಿ ಸೈನ್ಯ ಸೇರಿದಳು. ಸುಮಾರು ಒಂದೂವರೆ ವರ್ಷ ಯಾರಿಗೂ ಗೊತ್ತಾಗಲಿಲ್ಲ. ಫಿಲಡೆಲ್ಫಿಯಾದಲ್ಲಿ ಜ್ವರ ಬಂದು ಎಚ್ಚರ ತಪ್ಪಿದಾಗ ಡಾಕ್ಟರು ಕಂಡುಹಿಡಿದರು. 1783ರ ಅಕ್ಟೋಬರ್‌ನಲ್ಲಿ ಗೌರವದಿಂದಲೇ ಬಿಡುಗಡೆ ಮಾಡಿದರು. ಆಮೇಲೆ ಮದುವೆ, ಮಕ್ಕಳು, ಬಡತನ. ಊರೂರು ತಿರುಗಿ ವೇದಿಕೆ ಮೇಲೆ ತನ್ನ ಕಥೆ ಹೇಳಿ ದುಡ್ಡು ಮಾಡಿದಳು. ಪಿಂಚಣಿಗಾಗಿ ವರ್ಷಗಟ್ಟಲೆ ಓಡಾಡಿದಳು. 1805ರಲ್ಲಿ ಸಿಕ್ಕಿತು, ತಿಂಗಳಿಗೆ 4 ಡಾಲರ್. ಗೂಢಚಾರಿಣಿಯರ ಕಥೆಗಳೂ ಬೇಕಾದಷ್ಟಿವೆ. ಬಹಳಷ್ಟು ಮೊಮ್ಮಕ್ಕಳ ಕಾಲದಲ್ಲಿ ಬರೆದವು, ಹಾಗಾಗಿ ಅವನ್ನು ಇಲ್ಲಿ ಬಿಡುತ್ತೇನೆ.

ಸೈನ್ಯದ ಹತ್ತಿರವೂ ಹೋಗದ ಹೆಂಗಸರ ವಿಷಯಕ್ಕೆ ಬರೋಣ. ಅವರೇ ಬಹಳ ಜನ.

ಯುದ್ಧ ಶುರುವಾಗುವ ಮೊದಲೇ ಜಗಳ ಅಡುಗೆಮನೆಗೆ ಬಂದಿತ್ತು. ಬ್ರಿಟಿಷರು ಚಹಾ, ಬಟ್ಟೆ ಮುಂತಾದವುಗಳ ಮೇಲೆ ಹಿಡಿತ ಇಟ್ಟಿದ್ದರು. ಚಹಾ ತರುತ್ತಿದ್ದದ್ದು ನಮಗೂ ಚೆನ್ನಾಗಿ ಗೊತ್ತಿರುವ ಈಸ್ಟ್ ಇಂಡಿಯಾ ಕಂಪನಿ. ಇವನ್ನು ಬಹಿಷ್ಕರಿಸಬೇಕು ಅಂತ ಗಂಡಸರು ಸಭೆಯಲ್ಲಿ ಠರಾವು ಮಾಡಿದರು. ಆದರೆ ಮನೆಗೆ ಏನು ಬರಬೇಕು, ಏನು ಬೇಡ ಅಂತ ದಿನಾ ತೀರ್ಮಾನ ಮಾಡುವವರು ಯಾರು? 1774ರ ಅಕ್ಟೋಬರ್ 25ರಂದು ಉತ್ತರ ಕೆರೊಲಿನಾದ ಈಡೆಂಟನ್‌ನಲ್ಲಿ 51 ಹೆಂಗಸರು ಬಹಿಷ್ಕಾರದ ಕಾಗದಕ್ಕೆ ತಮ್ಮ ಹೆಸರಿನಲ್ಲೇ ಸಹಿ ಹಾಕಿದರು. ಲಂಡನ್‌ನಲ್ಲಿ ಇದನ್ನು ಗೇಲಿ ಮಾಡಿ ವ್ಯಂಗ್ಯಚಿತ್ರ ಬಂತು. ನ್ಯೂ ಇಂಗ್ಲೆಂಡಿನಲ್ಲಿ ಹೆಂಗಸರು ಪಾದ್ರಿಯ ಮನೆಯಲ್ಲಿ ಸೇರಿ, ಬೆಳಗಿನಿಂದ ಸಂಜೆವರೆಗೆ ರಾಟೆ ತಿರುಗಿಸಿ ನೂಲು ತೆಗೆದರು. ಖಾದಿ ಕಂಡ ನಮಗೆ ಈ ಚಿತ್ರ ಹೊಸದಲ್ಲ. ಆದರೆ ಇದು ಗಾಂಧೀಜಿ ಹುಟ್ಟುವುದಕ್ಕೆ ನೂರು ವರ್ಷ ಮೊದಲಿನ ಮಾತು.

ಯುದ್ಧ ಬಂದ ಮೇಲೆ ಹೊಲ, ಲೆಕ್ಕ, ಆಳುಕಾಳು, ಸಾಲ ಎಲ್ಲ ಹೆಂಗಸರ ತಲೆಗೆ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಜೋಸಯ್ಯ ಬಾರ್ಟ್‌ಲೆಟ್‌ಗೆ ಅವನ ಹೆಂಡತಿ ಮೇರಿ ನ್ಯೂ ಹ್ಯಾಂಪ್‌ಶೈರ್‌ನಿಂದ ಪತ್ರ ಬರೆಯುತ್ತಿದ್ದಳು. ಮೊದಲಿನ ಪತ್ರಗಳಲ್ಲಿ "ನಿಮ್ಮ ಬೇಸಾಯದ ಕೆಲಸ" ಅಂತ ಬರೆಯುತ್ತಾಳೆ. ಒಂದೆರಡು ವರ್ಷದಲ್ಲಿ ಅದು "ನಮ್ಮ ಬೇಸಾಯದ ಕೆಲಸ" ಆಗುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ಕೈ ಕೆಸರಾದ ಮೇಲೆ ಪದ ತಾನಾಗಿ ಬದಲಾಯಿತು.

ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಆಡಮ್ಸ್‌ನ ಹೆಂಡತಿ ಅಬಿಗೇಲ್ ಮ್ಯಾಸಚೂಸೆಟ್ಸ್‌ನಲ್ಲಿ ಒಬ್ಬಳೇ ಮನೆ ನಡೆಸಿದಳು. 1776ರ ಜುಲೈನಲ್ಲಿ ಗಂಡ ಫಿಲಡೆಲ್ಫಿಯಾದಲ್ಲಿ ಹೊಸ ದೇಶ ಕಟ್ಟುತ್ತಿದ್ದಾಗ ಈಕೆ ಮಕ್ಕಳನ್ನು ಕರೆದುಕೊಂಡು ಬಾಸ್ಟನ್‌ಗೆ ಹೋಗಿ ಎಲ್ಲರಿಗೂ ಸಿಡುಬಿನ ಚುಚ್ಚುಮದ್ದು ಹಾಕಿಸಿದಳು. ಆ ಕಾಲದ ಚುಚ್ಚುಮದ್ದು ಅಂದರೆ ನಿಜವಾದ ಸಿಡುಬಿನ ಕೀವನ್ನೇ ಗೀರಿ ಹಚ್ಚುವುದು. ಸಾಯಲೂಬಹುದಿತ್ತು. ಆ ತೀರ್ಮಾನವನ್ನು ಆಕೆ ಗಂಡನಿಲ್ಲದೆ ತೆಗೆದುಕೊಂಡಳು.

1777ರ ಜುಲೈ 31ರಂದು ಆಕೆ ಬರೆದ ಪತ್ರದಲ್ಲಿರುವ ಘಟನೆಯೊಂದನ್ನು ಹೇಳದೆ ಇರಲಾರೆ. ಬಾಸ್ಟನ್‌ನ ಒಬ್ಬ ಸಿರಿವಂತ, ಜಿಪುಣ ವ್ಯಾಪಾರಿ ಕಾಫಿ ಬಚ್ಚಿಟ್ಟಿದ್ದ. ಪೌಂಡಿಗೆ ಆರು ಶಿಲಿಂಗ್‌ಗಿಂತ ಕಡಿಮೆಗೆ ಕೊಡುವುದಿಲ್ಲ ಅಂದ. ನೂರೋ ಅದಕ್ಕಿಂತ ಹೆಚ್ಚೋ ಹೆಂಗಸರು ಕೈಗಾಡಿ ತೆಗೆದುಕೊಂಡು ಗೋದಾಮಿಗೆ ಹೋದರು. ಬೀಗದ ಕೈ ಕೇಳಿದರು. ಕೊಡಲಿಲ್ಲ. ಒಬ್ಬಳು ಅವನ ಕುತ್ತಿಗೆಗೆ ಕೈ ಹಾಕಿ ಗಾಡಿಯೊಳಗೆ ಎತ್ತಿ ಹಾಕಿದಳು. ಬೀಗದ ಕೈ ಕೊಟ್ಟ. ಗಾಡಿ ವಾಲಿಸಿ ಅವನನ್ನು ಕೆಳಗೆ ಸುರಿದು, ಗೋದಾಮು ತೆಗೆದು, ಕಾಫಿ ಹೇರಿಕೊಂಡು ಹೊರಟರು. ಗಂಡಸರ ದೊಡ್ಡ ಗುಂಪು ಸುಮ್ನೆ ಬೆರಗಾಗಿ ನೋಡುತ್ತಾ ನಿಂತಿತ್ತು ಅಂತ ಅಬಿಗೇಲ್ ಬರೆಯುತ್ತಾಳೆ.

ಪಟ್ಟಣದ ಹೆಂಗಸರು ಹಣವನ್ನೂ ಎತ್ತಿದರು. 1780ರಲ್ಲಿ ಸೈನ್ಯಕ್ಕೆ ಸಂಬಳವಿಲ್ಲ, ಬಟ್ಟೆಯಿಲ್ಲ. ಫಿಲಡೆಲ್ಫಿಯಾದಲ್ಲಿ ಎಸ್ತರ್ ರೀಡ್ ಎಂಬಾಕೆ ಮುಂದೆ ನಿಂತಳು. ಲಂಡನ್‌ನಲ್ಲಿ ಹುಟ್ಟಿದವಳು, ಆಗ ತಾನೇ ಹೆತ್ತ ಬಾಣಂತಿ. ಕರಪತ್ರ ಬರೆದು ಅಚ್ಚು ಹಾಕಿಸಿದಳು. ಹೆಂಗಸರು ಊರನ್ನು ಹಂಚಿಕೊಂಡು ಇಬ್ಬಿಬ್ಬರಾಗಿ, ಮೂವರಾಗಿ ಮನೆ ಮನೆ ಬಾಗಿಲು ತಟ್ಟಿದರು. 1,600ಕ್ಕೂ ಹೆಚ್ಚು ಜನ ಕೊಟ್ಟರು. ಪಟ್ಟಿಯಲ್ಲಿ, ಅಮೆರಿಕದ ಪರ ಹೋರಾಡಿದ ಫ್ರೆಂಚ್ ಸೇನಾಧಿಕಾರಿ ಲಾಫಯೆಟ್‌ನ ಹೆಂಡತಿಯ ಹೆಸರಿನ 100 ಗಿನಿ ಇದೆ, ಫಿಲಿಸ್ ಎಂಬ ಕಪ್ಪು ಹೆಂಗಸಿನ 7 ಶಿಲಿಂಗ್ 6 ಪೆನ್ಸ್ ಕೂಡ ಇದೆ. ಒಟ್ಟು ಕಾಗದದ ಹಣದಲ್ಲಿ 3 ಲಕ್ಷ ಡಾಲರ್ ದಾಟಿತು. ಕಾಗದದ ಬೆಲೆ ಬಿದ್ದುಹೋಗಿದ್ದರಿಂದ ಅದು ಬೆಳ್ಳಿಯ ಲೆಕ್ಕದಲ್ಲಿ ಸುಮಾರು 7,500 ಡಾಲರ್.

ಎಸ್ತರ್‌ಗೆ ಆಸೆ, ಪ್ರತಿ ಸೈನಿಕನ ಕೈಗೆ ಎರಡೆರಡು ಬೆಳ್ಳಿ ಡಾಲರ್ ಇಡಬೇಕು. ಅವನ ಸ್ವಂತಕ್ಕೆ, ಅವನಿಗೆ ಬೇಕಾದ ಹಾಗೆ. ವಾಷಿಂಗ್ಟನ್ ಬೇಡ ಅಂದ, ಕುಡಿದು ಹಾಳು ಮಾಡುತ್ತಾರೆ, ಅಂಗಿ ಹೊಲಿಸಿ ಅಂದ. ಎಸ್ತರ್ ಮನಸ್ಸಿಲ್ಲದೆ ಒಪ್ಪಿದಳು. ಸೆಪ್ಟೆಂಬರ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡಳು, ವಯಸ್ಸು 33. ಬೆಂಜಮಿನ್ ಫ್ರಾಂಕ್ಲಿನ್‌ನ ಮಗಳು ಸಾರಾ ಬಾಚ್ ಕೆಲಸ ಮುಂದುವರಿಸಿದಳು. ವರ್ಷದ ಕೊನೆಗೆ 2,000ಕ್ಕೂ ಹೆಚ್ಚು ಅಂಗಿ ಸಿದ್ಧವಾದವು. ಕೂಲಿ ಉಳಿಸಲು ಹೆಂಗಸರೇ ಕತ್ತರಿಸಿ ಹೊಲಿದರು. ಪ್ರತಿ ಅಂಗಿಯ ಮೇಲೆ ಹೊಲಿದವಳ ಹೆಸರು ಇತ್ತು. ಚಳಿಯಲ್ಲಿ ನಡುಗುವ ಒಬ್ಬ ಸೈನಿಕ ಅಂಗಿ ಬಿಡಿಸಿ, ತನಗೆ ಗೊತ್ತಿಲ್ಲದ ಒಬ್ಬ ಹೆಂಗಸಿನ ಹೆಸರು ಓದುವುದನ್ನು ಯೋಚಿಸಿ.

ಇನ್ನೊಂದು ಹೆಸರೂ ಇದೆ. 1777ರ ಜನವರಿಯಲ್ಲಿ ಸ್ವಾತಂತ್ರ್ಯ ಘೋಷಣೆಯನ್ನು ಸಹಿ ಹಾಕಿದವರ ಹೆಸರಿನೊಂದಿಗೆ ಅಚ್ಚು ಹಾಕಿಸಬೇಕು ಅಂತ ಕಾಂಗ್ರೆಸ್ ತೀರ್ಮಾನಿಸಿತು. ಅದು ಬ್ರಿಟಿಷರ ಕಣ್ಣಲ್ಲಿ ರಾಜದ್ರೋಹ. ಬಾಲ್ಟಿಮೋರ್‌ನ ಮೇರಿ ಕ್ಯಾಥರಿನ್ ಗಾಡರ್ಡ್ ಅಚ್ಚು ಹಾಕಿ, ಕೆಳಗೆ ತನ್ನ ಪೂರ್ತಿ ಹೆಸರನ್ನೂ ಹಾಕಿದಳು. ಆಕೆ ಆ ಊರಿನ ಪೋಸ್ಟ್ ಮಾಸ್ಟರ್ ಕೂಡ. 1789ರಲ್ಲಿ, ಹೊಸ ಸರ್ಕಾರ ಬಂದ ವರ್ಷವೇ, ಆಕೆಯನ್ನು ತೆಗೆದು ಗಂಡಸೊಬ್ಬನನ್ನು ಕೂರಿಸಿದರು. ಊರಿನ 200ಕ್ಕೂ ಹೆಚ್ಚು ಜನ ಬೇಡ ಅಂತ ಅರ್ಜಿ ಹಾಕಿದರೂ ಕೇಳಲಿಲ್ಲ.

ಒಂದು ಮಾತು ನಿಮಗೆ ಮಾತ್ರ, ಮಗಳಿಗೆ ದೊಡ್ಡವಳಾದ ಮೇಲೆ ಹೇಳಿ. 1776ರ ಚಳಿಗಾಲದಲ್ಲಿ ಬ್ರಿಟಿಷ್ ಸೈನ್ಯ ನ್ಯೂಜೆರ್ಸಿಯಲ್ಲಿ ಬೀಡುಬಿಟ್ಟಾಗ ಅಲ್ಲಿನ ಹೆಂಗಸರ ಮೇಲೆ, ಹುಡುಗಿಯರ ಮೇಲೆ ಅತ್ಯಾಚಾರಗಳಾದವು. ಅವರಲ್ಲಿ ಕೆಲವರು ಕಾಂಗ್ರೆಸ್ಸಿನ ವಿಚಾರಣೆಗೆ ಧೈರ್ಯ ಮಾಡಿ ಹೇಳಿಕೆ ಕೊಟ್ಟರು. ಆ ಕಾಗದಗಳು ಇವತ್ತಿಗೂ ಇವೆ. ಓದುವುದು ಕಷ್ಟ.

ಎಲ್ಲ ಹೆಂಗಸರಿಗೂ ಇದು ಸ್ವಾತಂತ್ರ್ಯದ ಯುದ್ಧ ಆಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಗುಲಾಮರಾಗಿದ್ದ ಕಪ್ಪು ಹೆಂಗಸರಿಗೆ ಬಿಡುಗಡೆ ಕಂಡದ್ದು ಬಹಳ ಸಲ ಬ್ರಿಟಿಷರ ಕಡೆ. ವಾಷಿಂಗ್ಟನ್‌ನ ಸ್ವಂತ ಎಸ್ಟೇಟಿನಿಂದಲೇ ಡೆಬೊರಾ ಎಂಬ ಹುಡುಗಿ ಓಡಿಹೋಗಿ ಬ್ರಿಟಿಷ್ ಹಡಗು ಹತ್ತಿದಳು. 1783ರಲ್ಲಿ ಬ್ರಿಟಿಷರು ನ್ಯೂಯಾರ್ಕ್ ಬಿಡುವಾಗ ಕರೆದೊಯ್ದ ಕಪ್ಪು ಜನರ ಪಟ್ಟಿಯಲ್ಲಿ ಅವಳ ಹೆಸರಿದೆ, ವಯಸ್ಸು 20, ಹಿಂದೆ ಜನರಲ್ ವಾಷಿಂಗ್ಟನ್‌ನ ಗುಲಾಮಳು ಅಂತ. ಇತ್ತ ಮ್ಯಾಸಚೂಸೆಟ್ಸ್‌ನಲ್ಲಿ ಬೆಟ್ ಎಂಬ ಗುಲಾಮ ಹೆಂಗಸು, ಎಲ್ಲರೂ ಹುಟ್ಟಿನಿಂದ ಸಮಾನರು ಅನ್ನುವ ಹೊಸ ಮಾತನ್ನೇ ಹಿಡಿದು ಕೋರ್ಟಿಗೆ ಹೋಗಿ 1781ರಲ್ಲಿ ಗೆದ್ದಳು. ಆಮೇಲೆ ಎಲಿಜಬೆತ್ ಫ್ರೀಮನ್ ಅಂತ ಹೆಸರಿಟ್ಟುಕೊಂಡಳು. ಫ್ರೀಮನ್ ಅಂದರೆ ಸ್ವತಂತ್ರ ವ್ಯಕ್ತಿ. ಇರಾಕ್ವಾ ಮೂಲನಿವಾಸಿಗಳಲ್ಲಿ ಬೇಸಾಯ ಪೂರ್ತಿ ಹೆಂಗಸರದ್ದು. 1779ರಲ್ಲಿ ವಾಷಿಂಗ್ಟನ್ ಕಳಿಸಿದ ಸೈನ್ಯ ಅವರ 40 ಹಳ್ಳಿಗಳನ್ನು, ನಿಂತ ಮೆಕ್ಕೆಜೋಳದ ಪೈರನ್ನು ಸುಟ್ಟುಹಾಕಿತು. ಆ ಹೆಂಗಸರ ಚಳಿಗಾಲ ಹೇಗೆ ಕಳೆಯಿತು ಅಂತ ಬರೆದಿಡಲು ಗುಮಾಸ್ತ ಇರಲಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಗೆದ್ದ ಮೇಲೆ ಏನು ಸಿಕ್ಕಿತು?

ಅಬಿಗೇಲ್ ಮೊದಲೇ ಕೇಳಿದ್ದಳು. 1776ರ ಮಾರ್ಚ್ 31ರಂದು ಗಂಡನಿಗೆ ಬರೆದಳು, ಹೊಸ ಕಾನೂನು ಮಾಡುವಾಗ ಹೆಂಗಸರನ್ನು ನೆನಪಿಡಿ, ಗಂಡಂದಿರ ಕೈಗೆ ಮಿತಿಯಿಲ್ಲದ ಅಧಿಕಾರ ಕೊಡಬೇಡಿ ಅಂತ. ನಿನ್ನ ಕಾನೂನಿನ ಮಾತಿಗೆ ನಗು ಬರುತ್ತದೆ ಅಂತ ಅವನು ಉತ್ತರ ಬರೆದ. ಮದುವೆಯಾದ ಹೆಂಗಸಿಗೆ ಸ್ವಂತ ಆಸ್ತಿ ಇಲ್ಲ ಅನ್ನುವ ಹಳೆಯ ಬ್ರಿಟಿಷ್ ಕಾನೂನು ಹಾಗೇ ಉಳಿಯಿತು.

ಆದರೆ ನ್ಯೂಜೆರ್ಸಿಯಲ್ಲಿ ಮಾತ್ರ ಬೇರೆಯಾಯಿತು. ನೀವಿರುವ ರಾಜ್ಯವೇ! 1776ರ ಅದರ ಸಂವಿಧಾನ, 50 ಪೌಂಡ್ ಆಸ್ತಿ ಇರುವ ಎಲ್ಲ ನಿವಾಸಿಗಳಿಗೂ ಮತ ಅಂತ ಹೇಳಿತು. ಗಂಡಸು ಅಂತ ಬರೆಯಲಿಲ್ಲ. 1790ರ ಚುನಾವಣಾ ಕಾನೂನಿನಲ್ಲಿ "ಅವನು ಅಥವಾ ಅವಳು" ಅಂತಲೇ ಬಂತು. ಆಸ್ತಿ ಇರುವ ವಿಧವೆಯರು, ಮದುವೆಯಾಗದವರು ಮತ ಹಾಕಿದರು. ಆಸ್ತಿ ಇರುವ ಕಪ್ಪು ಜನರೂ ಹಾಕಬಹುದಿತ್ತು. 1807ರಲ್ಲಿ ಬಿಳಿಯ ಗಂಡಸರಿಗೆ ಮಾತ್ರ ಅಂತ ಹೊಸ ಕಾನೂನು ಮಾಡಿ ಕಿತ್ತುಕೊಂಡರು. ಮತದ ಹಕ್ಕು ದೇಶದ ಎಲ್ಲ ಕಡೆ ಹೆಂಗಸರಿಗೆ ಕಾನೂನಾಗಿ ಬಂದದ್ದು 1920ರಲ್ಲಿ. ನಡುವೆ 113 ವರ್ಷ. ಕೊಡದೆ ಇದ್ದದ್ದಕ್ಕಿಂತ ಕೊಟ್ಟು ಕಿತ್ತುಕೊಂಡದ್ದು ನನಗೆ ಹೆಚ್ಚು ನೋವು ಕೊಡುತ್ತದೆ.

ಸಾರಾಳಿಗೆ ಏನಾಯಿತು? ಯುದ್ಧ ಮುಗಿದ ಮೇಲೆ ಆರನ್ ಅವಳನ್ನೂ ಎರಡು ಮಕ್ಕಳನ್ನೂ ಬಿಟ್ಟುಹೋಗಿ ಇನ್ನೊಬ್ಬಳನ್ನು ಮದುವೆಯಾದ. ಅವಳು ಆಮೇಲೆ ಜಾನ್ ಬೆಂಜಮಿನ್ ಎಂಬವನನ್ನು ಮದುವೆಯಾದಳು. ಅರ್ಜಿ ಹಾಕುವ ಹೊತ್ತಿಗೆ ಅವನೂ ತೀರಿಕೊಂಡಿದ್ದ. ಪಿಂಚಣಿ ಸಿಕ್ಕಿತು. ಕಡತದಲ್ಲಿ ಅದು ಬಿಟ್ಟುಹೋದ ಗಂಡನ ಸೇವೆಯ ಲೆಕ್ಕದಲ್ಲಿ ಬಂದದ್ದು, ಅವಳ ಸೇವೆಯದ್ದಲ್ಲ.

ಹಾಗಾಗಿ ವೇಷದ ವಿಷಯದಲ್ಲಿ ನನ್ನ ಸಲಹೆ ಸಾರಾ. ಉದ್ದ ಲಂಗ, ಏಪ್ರನ್ನು, ತಲೆಗೆ ಬಿಳಿ ಟೋಪಿ ಸಾಕು, ಖರ್ಚಿಲ್ಲ. ಕೈಯಲ್ಲಿ ಒಂದು ದೊಡ್ಡ ಪಾತ್ರೆ ಇರಲಿ. ಯಾರ್ಕ್‌ಟೌನ್ ಕಂದಕದಲ್ಲಿ ವಾಷಿಂಗ್ಟನ್ ಎದುರಾದದ್ದು, ಅವಳು ಹೇಳಿದ ಉತ್ತರ, ಎರಡು ನಿಮಿಷಕ್ಕೆ ಅಷ್ಟು ಸರಿಹೋಗುತ್ತದೆ. ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. ಹಿಂದಿನ ದಿನ ಪಾತ್ರೆಗೆ ಅಷ್ಟು ನೀರು ತುಂಬಿ, ಬೆನ್ನು ಬಗ್ಗಿಸಿಕೊಂಡು, ತುಳುಕಿಸದೆ ಹಿತ್ತಲಿನ ಈ ತುದಿಯಿಂದ ಆ ತುದಿಗೆ ಒಂದು ಸಲ ನಡೆದು ನೋಡಲಿ. ಶಾಲೆಗೆ ಮಾತ್ರ ಖಾಲಿ ಪಾತ್ರೆ ತೆಗೆದುಕೊಂಡು ಹೋಗಲಿ.